ಚೂಡಾಮಣಿ ಮೇಡಂ ಕಲಿಸಿದ ‘ಕ್ವೈಟ್’

ಮೈಸೂರಿನ ಅಗ್ರಹಾರದ ಚೂಡಾಮಣಿ ಮೇಡಂ ಮನೆಗೆ ಹೋದವರು ಬಾಯಿ ತಪ್ಪಿಯೂ ‘ಟೂ ಗುಡ್’ ಅನ್ನಬಾರದು. ಅಂದವರಿಗೆ ಕಾಫಿ ದಕ್ಕುತ್ತಿರಲಿಲ್ಲ. ಹೊಸದಾಗಿ ಪಾಠಕ್ಕೆ ಸೇರಿದವರು ಯಾರಾದರೂ ಮೊದಲ ಗುಟುಕು ಕುಡಿದು, ಮೇಡಮ್ಮನ್ನು ಮೆಚ್ಚಿಸೋಣವೆಂದು “ಕಾಫಿ ಟೂ ಗುಡ್ ಮೇಡಂ” ಅಂದರೆ ಮುಗಿಯಿತು, ಅವರು ಗಂಭೀರವಾಗಿ ಕೈ ಚಾಚಿ ಲೋಟ ವಾಪಸ್ ಕೇಳುತ್ತಿದ್ದರು. ‘ಟೂ’ ಅಂದರೆ ಅತಿ, ಅತಿಯಾದರೆ ಅಮೃತವೂ ವಿಷ, ವಿಷವನ್ನು ಯಾಕೆ ಕುಡಿಯುತ್ತೀಯ ಎಂಬುದು ಅವರ ವಾದ. ಉಳಿದವರೆಲ್ಲ ಗೊಳ್ಳೆಂದು ನಗುತ್ತಿದ್ದರು. ನಕ್ಕವರಿಗೂ ಒಳಗೊಳಗೇ ಅಳುಕು, ನಾಳೆ ತಮ್ಮ ಲೋಟಕ್ಕೂ ಇದೇ ಗತಿ ಅಂತ. ಆ ಮನೆಯಲ್ಲಿ ಇಂಗ್ಲಿಷ್ ಕಲಿತವರು ಬೇರೆ ಏನು ಕಲಿತರೋ ಇಲ್ಲವೋ, ‘ಟೂ’ ಎಂಬ ಪದದ ಸಹವಾಸವನ್ನಂತೂ ಬಿಟ್ಟರು.

ಮೇಡಂ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ತಮ್ಮ ವಾಗೀಶನ ಸಂಸಾರದ ಜೊತೆ ಹಳೆಯ ಮನೆಯಲ್ಲೇ ಇದ್ದರು. ಸಂಜೆಯಾದರೆ ನಡುಮನೆಯ ಗೋಡೆಗೆ ಕರಿಹಲಗೆ ಒರಗಿಸಿ ಪಾಠ ಶುರು. ಬಟ್ಟೆ ಅಂಗಡಿಯ ಹುಡುಗರು, ಇಂಟರ್‌ವ್ಯೂಗೆ ತಯಾರಾಗುವ ಹುಡುಗಿಯರು, ಊರಾಚೆ ಕಡಕೊಳದ ಕಾರ್ಖಾನೆಗಳಲ್ಲಿ ಶಿಫ್ಟ್ ಮುಗಿಸಿ ಬಸ್ಸಿನಲ್ಲಿ ಕಣ್ಣು ಮುಚ್ಚುತ್ತಾ ಬರುವವರು, ಎಲ್ಲರಿಗೂ ಒಂದೇ ಚಾಪೆ, ಒಂದೇ ಬೈಗುಳ.

ಅವರಿಗೆ ವ್ಯಾಕರಣದಲ್ಲಿ ಒಂದು ಮೂಲೆಯ ಮೇಲೆ ವಿಶೇಷ ಮಮಕಾರ. ಎಷ್ಟು ಬಿಸಿ, ಎಷ್ಟು ಚೆನ್ನ, ಎಷ್ಟು ಕಷ್ಟ ಎಂದು ಅಳತೆ ಹೇಳುವ ಪದಗಳಿವೆಯಲ್ಲ, ಅವುಗಳ ಮೇಲೆ. ಕನ್ನಡದವರು ನಾವು ‘ತುಂಬಾ’ ಎಂಬ ಒಂದೇ ಸೌಟಿನಲ್ಲಿ ಎಲ್ಲವನ್ನೂ ಬಡಿಸುತ್ತೇವೆ. ತುಂಬಾ ಬಿಸಿ, ತುಂಬಾ ಒಳ್ಳೆಯವರು, ತುಂಬಾ ನೋವು. ಇಂಗ್ಲಿಷಿನಲ್ಲಿ ಅದಕ್ಕೆ ವೆರಿ ಬೇರೆ, ಟೂ ಬೇರೆ, ಸೋ ಬೇರೆ, ರಾದರ್, ಫೇರ್ಲಿ, ಕ್ವೈಟ್ ಎಂದು ಮನೆತುಂಬ ಸೌಟು. ಯಾವ ಪಾತ್ರೆಗೆ ಯಾವುದು ಎಂದು ತಿಳಿದವರು ಮೇಡಂ ಒಬ್ಬರೇ ಎಂದು ಮೇಡಮ್ಮೇ ನಂಬಿದ್ದರು. ಈ ನಂಬಿಕೆ ಅವರ ತಂದೆ ಲಕ್ಷ್ಮೀನರಸಿಂಹಯ್ಯನವರಿಂದ ಬಂದದ್ದು. ಅವರು ಅರಮನೆ ಕಚೇರಿಯಲ್ಲಿ ಇಂಗ್ಲಿಷ್ ಕಾಗದಪತ್ರ ಬರೆಯುತ್ತಿದ್ದವರು. ದೊಡ್ಡ ಮನುಷ್ಯರು ಕಿರುಚುವುದಿಲ್ಲ, ‘ವೆರಿ ವೆರಿ’ ಅನ್ನುವುದು ಸಂತೆಯ ಮಾತು ಎಂದು ಮಗಳಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಒಂದು ಮಳೆಗಾಲ ಸೂರು ಸೋರಿ ಹಾಸಿಗೆಯೆಲ್ಲ ನೆನೆದಾಗಲೂ ಅವರು ‘ರಾದರ್ ವೆಟ್’, ಕೊಂಚ ಒದ್ದೆ, ಎಂದಷ್ಟೇ ಹೇಳಿ ಛತ್ರಿ ಹಿಡಿದು ಕೂತಿದ್ದರಂತೆ. ಮಗಳಿಗೆ ಅದು ನಗುವ ವಿಷಯವಾಗಿರಲಿಲ್ಲ, ಹೆಮ್ಮೆಯ ವಿಷಯವಾಗಿತ್ತು.

ಮದುವೆ ಆಗದಿದ್ದುದಕ್ಕೂ ಒಂದು ಕಥೆಯಿದೆ. ವಾಗೀಶ ಅದನ್ನು ಬಂದವರಿಗೆಲ್ಲ ಹೇಳುತ್ತಾನೆ. ಹೆಣ್ಣು ನೋಡಲು ಬಂದ ಬ್ಯಾಂಕಿನ ಗಂಡು ಉಪ್ಪಿಟ್ಟು ತಿಂದು, ಒಳ್ಳೆಯ ಮನಸ್ಸಿನಿಂದಲೇ, “ಉಪ್ಮಾ ಈಸ್ ಟೂ ಗುಡ್” ಅಂದನಂತೆ. ತಲೆ ತಗ್ಗಿಸಿ ಕೂರಬೇಕಾಗಿದ್ದ ಹುಡುಗಿ ತಲೆಯೆತ್ತಿ, ಹಾಗೆ ಅನ್ನಬಾರದು, ‘ವೆರಿ ಗುಡ್’ ಅನ್ನಬೇಕು ಎಂದು ತಿದ್ದಿದಳಂತೆ. ಗಂಡು ನಕ್ಕ, ಗಂಡಿನ ತಾಯಿ ನಗಲಿಲ್ಲ. ಜಾತಕ ಕೂಡಿಬರಲಿಲ್ಲ ಎಂಬ ಸುದ್ದಿ ವಾರದೊಳಗೆ ಬಂತು. ಬೇಜಾರಾಯಿತೇ ಅಕ್ಕ ಎಂದು ತಮ್ಮ ಕೇಳಿದರೆ ಇವತ್ತಿಗೂ ಮೇಡಂ “ಫೇರ್ಲಿ”, ತಕ್ಕಮಟ್ಟಿಗೆ, ಎಂದಷ್ಟೇ ಹೇಳಿ ಒಳಗೆ ಹೋಗುತ್ತಾರೆ.

ಇಂಥವರ ಚಾಪೆಗೆ ಲಾಸ್ಯ ಬಂದು ಕೂತಳು. ಅವಳ ತಂದೆ ಶಿವಮಲ್ಲಪ್ಪನದು ಮಠದ ಹತ್ತಿರ ವಿಭೂತಿ, ಊದಿನಕಡ್ಡಿ ಮಾರುವ ಅಂಗಡಿ. ಅವನೇ ಮಗಳನ್ನು ಕರೆತಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, “ಬುದ್ಧಿಯೆಲ್ಲಾ ಅದೆ ಮೇಡಂ, ಇಂಗ್ಲೀಸ್ ಒಂದು ಬಂದ್ಬುಟ್ರೆ ಸಾಕು” ಎಂದು ಒಪ್ಪಿಸಿ ಹೋಗಿದ್ದ. ಹುಡುಗಿ ಡಿಪ್ಲೊಮಾ ಮುಗಿಸಿ ಕಡಕೊಳದಲ್ಲಿ ಉಪ್ಪಿನಕಾಯಿ, ಸಾಸು ತಯಾರಿಸುವ ಕಾರ್ಖಾನೆಯೊಂದಕ್ಕೆ ಶಿಫ್ಟ್ ಮೇಲ್ವಿಚಾರಕಿಯಾಗಿ ಸೇರಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದರ ಮೇಲೆ, ಪುಣೆಯಿಂದ ಹೊಸ ಮ್ಯಾನೇಜರ್ ಬಂದಿದ್ದರು, ಕನ್ನಡದ ಗಂಧವೇ ಇಲ್ಲ. ಹಬೆಯ ಹಂಡೆಗಳ ನಾಡಿ ಹಿಡಿದು ನೋಡಬಲ್ಲ ಹುಡುಗಿಗೆ ಮ್ಯಾನೇಜರ ಫೋನ್ ಬಂದರೆ ನಾಲಿಗೆ ಒಣಗುತ್ತಿತ್ತು. ಆ ಭಯ ಹೋಗಲಾಡಿಸಿಕೊಳ್ಳಲು ಅವಳು ವಾರಕ್ಕೆ ಎಷ್ಟು ದಿನ ಸಾಧ್ಯವೋ ಅಷ್ಟು ದಿನ ಬಂದಳು. ಹೇಳಿಕೊಟ್ಟದ್ದನ್ನು ಕಣ್ಣಿಗೆ ಒತ್ತಿಕೊಂಡು ಕಲಿತಳು.

‘ಕ್ವೈಟ್’ ಪಾಠವನ್ನು ಮೇಡಂ ಯಾವಾಗಲೂ ಎರಡು ದಿನಕ್ಕೆ ಹಂಚುತ್ತಿದ್ದರು. ಅದು ಎರಡು ಮುಖದ ಪದ. ಮೊದಲ ದಿನ ಒಂದು ಮುಖ: ‘ಕ್ವೈಟ್ ಫುಲ್’ ಅಂದರೆ ಪೂರ್ತಿ ತುಂಬಿದೆ, ‘ಕ್ವೈಟ್ ಎಂಪ್ಟಿ’ ಅಂದರೆ ಪೂರ್ತಿ ಖಾಲಿ, ‘ಕ್ವೈಟ್ ರೈಟ್’ ಅಂದರೆ ಪೂರ್ತಿ ಸರಿ. ಮರುದಿನ ಇನ್ನೊಂದು ಮುಖ: ಹೆಚ್ಚು ಕಡಿಮೆ ಮಾಡಿ ಅಳೆಯಬಹುದಾದ ಗುಣದ ಮುಂದೆ, ಬಿಸಿ, ಉದ್ದ, ಚೆನ್ನ ಇಂಥವುಗಳ ಮುಂದೆ ಅದೇ ಪದ ಇಳಿದುಹೋಗುತ್ತದೆ, ‘ಪರವಾಗಿಲ್ಲ, ಒಂದು ಮಟ್ಟಿಗೆ’ ಎಂದಷ್ಟೇ ಆಗುತ್ತದೆ. ಒಂದೇ ದಿನ ಎರಡನ್ನೂ ಹೇಳಿದರೆ ಕಲಸುಮೇಲೋಗರವಾಗುತ್ತದೆ ಎಂದು ಅವರ ಅನುಭವ. ಲಾಸ್ಯ ಮೊದಲ ದಿನ ಇದ್ದಳು. ಎರಡನೆಯ ದಿನ ಅವಳಿಗೆ ಸೆಕೆಂಡ್ ಶಿಫ್ಟ್ ಬಿತ್ತು. ಚಾಪೆಯ ಮೇಲೆ ಅವಳ ಜಾಗ ಖಾಲಿಯಿದ್ದುದನ್ನು ಮೇಡಂ ಕಂಡರು, ಬಂದಾಗ ಹೇಳಿದರಾಯಿತು ಅಂದುಕೊಂಡರು, ಮರೆತರು. ಲಾಸ್ಯಳಿಗೋ ಆ ಪದ ಬಹಳ ಹಿಡಿಸಿತ್ತು. ‘ಟೂ’ ಅಂದರೆ ಬೈಸಿಕೊಳ್ಳಬೇಕು, ‘ವೆರಿ ವೆರಿ’ ಅಂದರೆ ಸಂತೆಯವಳಾಗಬೇಕು. ‘ಕ್ವೈಟ್’ ಅಂದರೆ ಪೂರ್ತಿ, ಅದರಲ್ಲೂ ಮರ್ಯಾದಸ್ಥರ ಪದ.

ಕಾರ್ಖಾನೆಯ ಎರಡನೆಯ ಹಂಡೆಯ ಶಾಖ ತೋರಿಸುವ ಮುಳ್ಳು ಕೆಟ್ಟು ನಿಂತಿತ್ತು. ರಿಪೇರಿಗೆ ಬರೆದಿದ್ದರು, ಯಾರೂ ಬಂದಿರಲಿಲ್ಲ. ಹಂಡೆ ನಿಲ್ಲಿಸಬೇಕಾದರೆ ತಮ್ಮ ಅಪ್ಪಣೆ ಬೇಕು ಎಂದು ಹೊಸ ಮ್ಯಾನೇಜರ ಕಟ್ಟುನಿಟ್ಟು. ಒಂದು ಮಧ್ಯಾಹ್ನ ಹಂಡೆಯ ಕೊಳವೆಯಿಂದ ಬೇರೆ ಥರದ ಸದ್ದು ಬರತೊಡಗಿತು, ಪಕ್ಕದಲ್ಲಿ ನಿಲ್ಲಲಾಗದಷ್ಟು ಝಳ. ಲಾಸ್ಯ ಫೋನ್ ಮಾಡಿದಳು. ಅವರು ಬೆಂಗಳೂರಿನ ಮೀಟಿಂಗಿನಲ್ಲಿದ್ದರು. ಅವಳು ಉಸಿರು ಕಟ್ಟಿ, ಪದ ಹುಡುಕಿ, ಹುಷಾರಾಗಿ ಹೇಳಿದಳು: “ಸರ್, ಕೆಟಲ್ ನಂಬರ್ ಟೂ ಈಸ್ ಕ್ವೈಟ್ ಹಾಟ್.” ಅತ್ತ ಕಡೆಯಿಂದ, ಸರಿ, ಹಾಕಿರುವ ಮಾಲು ಮುಗಿಸಿಬಿಡಿ ಎಂದು ಉತ್ತರ ಬಂತು. ಪೂರ್ತಿ ಕಾದಿದೆ ಅಂದರೂ ಮುಗಿಸಿ ಅನ್ನುತ್ತಾರಲ್ಲ, ಅವರಿಗೆ ಗೊತ್ತಿರಬೇಕು ಎಂದು ಅವಳು ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ಕೊಳವೆಯ ಕೀಲು ಬಿಟ್ಟು, ಅಲ್ಲೇ ನೆಲ ತೊಳೆಯುತ್ತಿದ್ದ ನೀಲಮ್ಮನ ಬಲಗೈಗೆ ಹಬೆ ಹೊಡೆಯಿತು. ಮೊಣಕೈವರೆಗೆ ಚರ್ಮ ಎದ್ದುಬಂತು.

ಲಾಸ್ಯ ಮೇಡಂ ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಚಾಪೆ ಹಾಸಿರಲಿಲ್ಲ. ಇಬ್ಬರೂ ಬರಿನೆಲದ ಮೇಲೆ ಕೂತರು. ಮೇಡಂ ಒಂದೇ ಮಾತು ಕೇಳಿದರು, ಸರಿಯಾಗಿ ಏನಂದೆ ಅಂತ. ಹುಡುಗಿ ಇಂಗ್ಲಿಷಿನಲ್ಲಿ ಅಂದದ್ದನ್ನು ಹಾಗೇ ಹೇಳಿ, “ಪೂರ್ತಿ ಕಾದ್ಬುಟ್ಟಿದೆ ಅಂತ ಹೇಳ್ದೆ ಮೇಡಂ” ಅಂದಳು. ಚೂಡಾಮಣಿಯವರಿಗೆ ತಿಳಿದುಹೋಯಿತು, ಮ್ಯಾನೇಜರ ಕಿವಿಗೆ ಬಿದ್ದದ್ದು ‘ಪರವಾಗಿಲ್ಲ, ಒಂದು ಮಟ್ಟಿಗೆ ಬಿಸಿಯಾಗಿದೆ’ ಎಂದು. ಎರಡನೆಯ ದಿನ ಚಾಪೆಯ ಮೇಲೆ ಖಾಲಿ ಇದ್ದ ಆ ಜಾಗ ಕಣ್ಣ ಮುಂದೆ ಬಂತು. ತಾವು ಅರ್ಧ ಕಲಿಸಿ ಕಳಿಸಿದ ಪದ ಒಂದು ಹೆಂಗಸಿನ ಕೈ ಸುಟ್ಟಿತ್ತು.

ಕಂಪನಿ ವಿಚಾರಣೆ ಇಟ್ಟಿತ್ತು. ಹುಡುಗಿ ಸರಿಯಾಗಿ ಹೇಳಿದ್ದಳು, ಮ್ಯಾನೇಜರೇ ಕೇಳಲಿಲ್ಲ ಎಂದಾದರೆ ತಪ್ಪು ಮ್ಯಾನೇಜರದು. ಅವಳೇ ತಪ್ಪಾಗಿ ಹೇಳಿದಳು ಎಂದಾದರೆ ಕೆಲಸ ಹೋಗುವುದು ಅವಳದು. ಕೆಲಸಕ್ಕಿಂತ ಹೆಚ್ಚಾಗಿ, ನೀಲಮ್ಮನ ಕೈ ಸುಟ್ಟವಳು ಎಂಬ ಹೆಸರು ಅವಳಿಗೆ ಅಂಟುವುದು. ತನ್ನ ಪರವಾಗಿ ಒಬ್ಬರನ್ನು ಕರೆತರಬಹುದೆಂದು ಅವಳಿಗೆ ಹೇಳಿದ್ದರು. ಲಾಸ್ಯ ಮೇಡಮ್ಮಿನ ಮೊಣಕಾಲು ಮುಟ್ಟಿದಳು.

“ನೀವು ನಂಗೆ ಏನು ಕಲಿಸಿದ್ರಿ ಅನ್ನೋದನ್ನ ಹೇಳ್ಬುಡಿ ಮೇಡಂ. ಕ್ವೈಟ್ ಅಂದ್ರೆ ಪೂರ್ತಿ ಅಂತ ನಾನೇ ಹೇಳ್ಕೊಟ್ಟಿದ್ದು ಅಂತ. ಅಷ್ಟೇ ಸಾಕು.”

ಮೇಡಂ ಒಪ್ಪಿದರು. ಒಪ್ಪದೆ ವಿಧಿಯಿರಲಿಲ್ಲ, ಮನಸ್ಸೂ ಇತ್ತು. ಎರಡನೆಯ ದಿನದ ಪಾಠದ ವಿಷಯವನ್ನು ಅವತ್ತು ಹುಡುಗಿಗೆ ಹೇಳಲಿಲ್ಲ. ಈಗ ಹೇಳಿ ಅವಳ ಧೈರ್ಯ ಕೆಡಿಸುವುದೇಕೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ವಿಚಾರಣೆಗೆ ಮುಂಚೆ ಒಮ್ಮೆ ನೀಲಮ್ಮನನ್ನು ನೋಡಿಬರಲು ಕಡಕೊಳಕ್ಕೆ ಹೋದರು. ಜಗಲಿಯ ಮೇಲೆ ಕೂತಿದ್ದ ನೀಲಮ್ಮ ಬ್ಯಾಂಡೇಜಿನ ಕೈಯನ್ನು ಸೆರಗಿನಡಿ ಮರೆಮಾಡಿಕೊಂಡಳು. ನೋವು ಹೇಗಿದೆ ಎಂದು ಕೇಳಿದರೆ, ಹಲ್ಲು ಕಚ್ಚಿಕೊಂಡೇ, “ಪರವಾಗಿಲ್ಲ ಬುಡಿ ಮೇಡಂ. ಆ ಕೂಸಿಂದೇನೂ ತಪ್ಪಿಲ್ಲ, ಅದು ಓಡ್ಬಂದು ನನ್ನ ಎಳ್ಕೊಂಡಿದ್ದಕ್ಕೆ ಮುಖ ಉಳೀತು” ಅಂದಳು. ಮೇಡಂ ತಂದಿದ್ದ ಹಣ್ಣನ್ನು ಅಲ್ಲಿಟ್ಟು, ನಾನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಎದ್ದರು. ಏನನ್ನು ನೋಡಿಕೊಳ್ಳುತ್ತಾರೆಂದು ನೀಲಮ್ಮ ಕೇಳಲಿಲ್ಲ.

ವಿಚಾರಣೆಯ ಬೆಳಿಗ್ಗೆ ಆಟೊ ಹತ್ತಿಸುವಾಗ ವಾಗೀಶ ಮೆಲ್ಲಗೆ ಹೇಳಿದ: “ಅಕ್ಕ, ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಅಲ್ಲಿ ಪಾಠ ಮಾಡೋಕ್ ಹೋಗ್ಬೇಡ ಕಣೆ.” ಅಷ್ಟು ತಿಳಿಯದವಳೇ ನಾನು ಎಂದು ಮೇಡಮ್ಮಿಗೆ ಸಿಟ್ಟು ಬಂತು. ಕಡಕೊಳ ಮುಟ್ಟುವವರೆಗೂ ಆ ಸಿಟ್ಟು ಇಳಿಯಲಿಲ್ಲ.

ವಿಚಾರಣೆ ನಡೆಸಲು ಕಂಪನಿಯವರು ಮೈಸೂರಿನ ವಕೀಲ ಪ್ರದ್ಯುಮ್ನ ಎಂಬವರನ್ನು ನೇಮಿಸಿದ್ದರು. ಬೆಳ್ಳಗಿನ ತಲೆ, ತೂಕದ ಮಾತು. ಮೇಡಮ್ಮಿನ ಹೆಸರು, ಮನೆ ಕೇಳಿದವರೇ ಕನ್ನಡಕ ತೆಗೆದರು. ನೀವು ಲಕ್ಷ್ಮೀನರಸಿಂಹಯ್ಯನವರ ಮಗಳೇ, ಅವರ ಇಂಗ್ಲಿಷಿನ ಬಗ್ಗೆ ನಮ್ಮ ತಂದೆ ಹೇಳುತ್ತಿದ್ದರು ಎಂದು ಎದ್ದು ಕೈಮುಗಿದರು. ಎಷ್ಟೋ ವರ್ಷದ ಮೇಲೆ ಹೊರಗಿನವರೊಬ್ಬರ ಬಾಯಲ್ಲಿ ಆ ಹೆಸರು ಬಂದಿತ್ತು. ಮೇಡಂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಪಕ್ಕದಲ್ಲಿ ಕೂತಿದ್ದ ಲಾಸ್ಯಳಿಗೂ ಆಗ ಜೀವ ಬಂದಂತಾಗಿ, ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು.

ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಲಾಸ್ಯಳಿಗೆ ಅದರಲ್ಲಿ ಅರ್ಧ ತಿಳಿಯಿತು, ಅರ್ಧ ಮುಖ ನೋಡಿ ಊಹಿಸಿದಳು. ಹುಡುಗಿ ‘ಕ್ವೈಟ್ ಹಾಟ್’ ಅಂದದ್ದು ನಿಜ ಎಂದು ಅವಳೂ ಮ್ಯಾನೇಜರೂ ಇಬ್ಬರೂ ಒಪ್ಪಿದ್ದರು. ಹಾಗಂದರೇನು ಎಂಬುದಷ್ಟೇ ತೀರ್ಮಾನವಾಗಬೇಕಿತ್ತು. ನಿಮ್ಮ ವಿದ್ಯಾರ್ಥಿನಿ ಈ ಪದವನ್ನು ಯಾವ ಅರ್ಥದಲ್ಲಿ ಕಲಿತಳು ಎಂದು ವಕೀಲರು ಕೇಳಿದರು. ಪೂರ್ತಿ ಎಂಬ ಅರ್ಥದಲ್ಲಿ, ಹಾಗೆಂದು ಕಲಿಸಿದವಳು ನಾನೇ ಎಂದು ಮೇಡಂ ಹೇಳಿದರು. ವಕೀಲರು ಬರೆದುಕೊಂಡರು. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗಿದ್ದ ಮ್ಯಾನೇಜರ್ ನಕ್ಕರು. ಇದು ಹಳ್ಳಿ ಇಂಗ್ಲಿಷ್, ‘ಕ್ವೈಟ್’ ಅಂದರೆ ಯಾವಾಗಲೂ ಸುಮಾರಾಗಿ ಎಂದೇ ಅರ್ಥ, ಪೂರ್ತಿ ಎಂಬ ಅರ್ಥವೇ ಅದಕ್ಕಿಲ್ಲ ಎಂದುಬಿಟ್ಟರು.

ಲಕ್ಷ್ಮೀನರಸಿಂಹಯ್ಯನವರ ಮಗಳಿಗೆ ಹಳ್ಳಿ ಇಂಗ್ಲಿಷ್! ಮೇಡಮ್ಮಿಗೆ ಮೈ ಉರಿಯಿತು. ಯಾವಾಗಲೂ ಎಂಬ ಮಾತೇ ತಪ್ಪು ಎಂದು ಶುರು ಮಾಡಿದರು. ಫುಲ್, ಎಂಪ್ಟಿ, ಇಂಪಾಸಿಬಲ್, ಇಂಥ ಪದಗಳಿಗೆ ಹೆಚ್ಚು ಕಡಿಮೆ ಎಂಬುದಿಲ್ಲ, ಅವುಗಳ ಮುಂದೆ ಅದಕ್ಕೆ ಪೂರ್ತಿ ಎಂದೇ ಅರ್ಥ. ಉದಾಹರಣೆ ಕೊಟ್ಟರು. ಇನ್ನೊಂದು ಕೊಟ್ಟರು. ಇಂಗ್ಲೆಂಡಿನವರು ಹೇಗೆ ಬಳಸುತ್ತಾರೆ, ಅಮೆರಿಕದವರು ಹೇಗೆ, ಹೇಳುವಾಗ ಯಾವ ಪದಕ್ಕೆ ಒತ್ತು ಕೊಟ್ಟರೆ ಅರ್ಥ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದರು. ಅವರ ದನಿ ಸ್ಪಷ್ಟವಾಗಿ, ಸುಂದರವಾಗಿ ಆ ಕೋಣೆಯನ್ನು ತುಂಬಿತು. ವಕೀಲರು ತಲೆದೂಗಿದರು. ಮ್ಯಾನೇಜರ ನಗು ಮಾಯವಾಯಿತು. ಇಷ್ಟು ಒಳ್ಳೆಯ ಕೇಳುಗರು ಮೇಡಮ್ಮಿಗೆ ನಡುಮನೆಯಲ್ಲಿ ಎಂದೂ ಸಿಕ್ಕಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ಅವರು ಬಹಳ ಸುಖವಾಗಿದ್ದರು. ಪಕ್ಕದಲ್ಲಿ ಲಾಸ್ಯ ಇದ್ದಾಳೆಂಬುದು ಅವರಿಗೆ ನೆನಪಿರಲಿಲ್ಲ.

ಅದ್ಭುತವಾಗಿ ಹೇಳಿದಿರಿ ಎಂದರು ಪ್ರದ್ಯುಮ್ನ. ಆಮೇಲೆ, ಬಹಳ ಮರ್ಯಾದೆಯಿಂದ, ಹಾಗಾದರೆ ‘ಹಾಟ್’ ಎಂಬ ಪದದ ಮುಂದೆ ಬಂದರೆ ಎಂದು ಕೇಳಿದರು.

ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ಮೇಡಮ್ಮಿಗೆ ಗೊತ್ತಾಯಿತು. ಆದರೆ ಅಷ್ಟು ಹೊತ್ತು ಸರಿಯಾದುದನ್ನೇ ಹೇಳುತ್ತ ಬಂದ ನಾಲಿಗೆ ಅಲ್ಲಿ ತಪ್ಪು ಹೇಳಲು ತಿರುಗಲಿಲ್ಲ. ಬಿಸಿ ಎಂಬುದು ಅಳೆಯಬಹುದಾದ ಗುಣ, ಅದರ ಮುಂದೆ ಸಾಮಾನ್ಯವಾಗಿ ಒಂದು ಮಟ್ಟಿಗೆ ಎಂಬ ಅರ್ಥ ಬರುತ್ತದೆ ಎಂದರು. ಕೂಡಲೇ ಸೇರಿಸಿದರು, ಆದರೆ ಈ ಹುಡುಗಿಗೆ ಆ ಭಾಗವನ್ನು ನಾನು ಕಲಿಸಿರಲಿಲ್ಲ, ತಪ್ಪು ನನ್ನದು, ಅವಳದಲ್ಲ ಎಂದು. ಅವರ ದನಿಯಲ್ಲಿ ಆಗ ಸೌಂದರ್ಯವೇನೂ ಉಳಿದಿರಲಿಲ್ಲ. ವಕೀಲರು ಕನಿಕರದಿಂದಲೇ ಕೇಳಿದರು: ಅಂದರೆ ತಾನು ಬಳಸಿದ ಪದದ ಪೂರ್ತಿ ಅರ್ಥ ಅವಳಿಗೆ ಗೊತ್ತಿರಲಿಲ್ಲ? ಮೇಡಂ ಹೌದು ಅನ್ನಬೇಕಾಯಿತು. ಮ್ಯಾನೇಜರ್ ಕುರ್ಚಿಗೆ ಒರಗಿಕೊಂಡರು. ಕೆಟ್ಟುನಿಂತ ಮುಳ್ಳಿನ ವಿಷಯ ಆಮೇಲೆ ಯಾರೂ ಎತ್ತಲಿಲ್ಲ. ಮೇಡಮ್ಮಿಗೂ ಅದು ಹೊಳೆದದ್ದು ವಾಪಸ್ ಬರುವ ಆಟೊದಲ್ಲಿ.

ವಾರ ಕಳೆಯುವುದರೊಳಗೆ ತೀರ್ಮಾನ ಬಂತು. ಮೇಲ್ವಿಚಾರಕಿ ಮಾಹಿತಿಯನ್ನು ತಪ್ಪಾಗಿ ತಿಳಿಸಿದ್ದರಿಂದ ಅವಘಡವಾಯಿತು, ಆದ್ದರಿಂದ ಅವಳನ್ನು ಕೆಲಸದಿಂದ ತೆಗೆಯಲಾಗಿದೆ. ಅವಳ ಶಿಕ್ಷಕಿಯೇ ಇದನ್ನು ಒಪ್ಪಿದ್ದಾರೆ ಎಂಬ ಸಾಲೂ ಅದರಲ್ಲಿತ್ತು. ಮೇಡಂ ಅವತ್ತಿನಿಂದ ಪಾಠ ನಿಲ್ಲಿಸಿದರು. ಬಂದವರಿಗೆ ವಾಗೀಶನೇ ಅಕ್ಕನಿಗೆ ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದ. ಆಟೊ ಹತ್ತಿಸುವಾಗ ತಾನು ಹೇಳಿದ್ದನ್ನು ನೆನಪಿಸಿ ಅವನು ಎರಡು ಮಾತು ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ, ಅವನು ಬೈಯಲಿಲ್ಲ. ಮೇಡಮ್ಮೇ ಪ್ರದ್ಯುಮ್ನ ವಕೀಲರಿಗೆ ಫೋನ್ ಮಾಡಿ ಮುಳ್ಳಿನ ವಿಷಯ ಹೇಳಿದರು. ಅವರು ಗೌರವದಿಂದ ಕೇಳಿಸಿಕೊಂಡು, ವಿಚಾರಣೆ ಮುಗಿದುಹೋಗಿದೆಯಲ್ಲ ಎಂದರು.

ಲಾಸ್ಯ ಬಂದಳು. ಬರುವುದಿಲ್ಲ ಅಂದುಕೊಂಡಿದ್ದರು, ಬಂದಳು. ಒಳಗೆ ಬಾ ಅಂದರೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತಳು. ಅಳುತ್ತಿರಲಿಲ್ಲ. ಅಪ್ಪನ ಅಂಗಡಿಯಲ್ಲಿ ಕೂರುತ್ತಿದ್ದೇನೆ, ನೀಲಮ್ಮನ ಮನೆಯ ಕಡೆ ಹೋಗಲು ಮುಖವಿಲ್ಲ, ಬೀದಿಯವರು ಏನೇನೋ ಮಾತಾಡುತ್ತಿದ್ದಾರೆ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಮೇಡಂ, ಮತ್ತೊಮ್ಮೆ ಬರೆದುಕೊಡುತ್ತೇನೆ, ಯಾರ ಹತ್ತಿರ ಬೇಕಾದರೂ ಬರುತ್ತೇನೆ, ಮುಳ್ಳು ಕೆಟ್ಟಿತ್ತು ಎಂಬುದನ್ನು ಎತ್ತೋಣ ಎಂದು ಒಂದರ ಹಿಂದೆ ಒಂದು ಹೇಳತೊಡಗಿದರು. ಹುಡುಗಿ ಅವರು ನಿಲ್ಲಿಸುವವರೆಗೂ ಕಾದಳು.

“ಒಂದು ಕೇಳ್ಲಾ ಮೇಡಂ? ಅವತ್ತು ನೀವು ಅಲ್ಲಿಗೆ ಬಂದಿದ್ದು ನನ್ನ ಪರವಾಗೋ, ಇಂಗ್ಲಿಷ್ ಪರವಾಗೋ?”

ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವಳಿಗೆ. ಚೂಡಾಮಣಿಯವರು ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಂತರು. ನಿನ್ನ ಪರವಾಗಿಯೇ ಎಂದು ಹೇಳಲು ಬಾಯಿ ತೆರೆದರು. ಆ ಕೋಣೆಯಲ್ಲಿ ತಮ್ಮ ದನಿ ತಮಗೇ ಎಷ್ಟು ಇಂಪಾಗಿ ಕೇಳಿಸಿತ್ತು ಎಂಬುದು ನೆನಪಾಗಿ, ಹೇಳಲಿಲ್ಲ. ಲಾಸ್ಯ ತಲೆಯಾಡಿಸಿ, ಬರುತ್ತೇನೆ ಮೇಡಂ ಎಂದು ಹೊರಟಳು. ಅವಳು ಬೀದಿಯ ತಿರುವು ದಾಟುವವರೆಗೂ ಕೂಗಿ ಕರೆಯಬಹುದಿತ್ತು. ಅವರು ಕರೆಯಲಿಲ್ಲ.